ಕಿಟಕಿಯ ಮುಂದಿನ ಗುಂಡಿ

ಆರು ಜನರ ಮನೆಗೆ ಆರು ಶೌಚಾಲಯ ಬೇಕೆಂದರು. ಐದು ಒಳಗೆ, ಒಂದು ಹೊರಗೆ. ಹೊರಗಿನದು ಪ್ಲಂಬರಿಗೆ, ಪೇಂಟರಿಗೆ, ಸಾಮಾನು ತಂದುಕೊಡುವವರಿಗೆ, ಮತ್ತು ಅತ್ತೆಗೆ.

ಇದನ್ನು ಹೇಳುವಾಗ ದೊಡ್ಡ ಸೊಸೆಯ ಮುಖ ಒಂಚೂರೂ ಕದಲಲಿಲ್ಲ. ನನಗೆ ಕಿವಿ ಮಂದವೇನೋ ಎನ್ನುವಂತೆ ಇನ್ನೊಮ್ಮೆ ಕೇಳಿದೆ. ಇನ್ನೊಮ್ಮೆಯೂ ಅಷ್ಟೇ ಸಲೀಸಾಗಿ ಹೇಳಿದರು. ಬರೆದುಕೊಂಡೆ. ಬರೆದುಕೊಳ್ಳುತ್ತಿದ್ದ ನನ್ನ ಕೈಯನ್ನು ನೋಡಿಯೇ ನನಗೆ ಹೇಸಿಗೆಯಾಯಿತು.

ಮೊದಲಿನಿಂದ ಹೇಳುತ್ತೇನೆ. ನಾನು ಮನೆಗಳ ಪ್ಲಾನ್ ಹಾಕುವವನು. ಇಂಜಿನಿಯರ್ ಅಲ್ಲ, ಇಂಜಿನಿಯರು ಸಹಿ ಹಾಕುವ ಕಾಗದವನ್ನು ಬರೆಯುವವನು. ಜೆರಾಕ್ಸ್ ಅಂಗಡಿಯ ಮಹಡಿಯಲ್ಲಿ ಒಂದೂವರೆ ಕೋಣೆಯ ಆಫೀಸು, ಒಂದು ಓರೆ ಮೇಜು, ಕಿವಿಯ ಮೇಲೊಂದು ಪೆನ್ಸಿಲ್. ಮೂವತ್ತು ವರ್ಷ ಈ ಕೆಲಸ ಮಾಡಿದ ಮೇಲೂ ನನಗೆ ಮನೆಗಳ ಮೇಲೆ ಪ್ರೀತಿ ಉಳಿದಿದೆ. ಮನೆಯವರ ಮೇಲೆ ಉಳಿದಿಲ್ಲ.

ಪ್ರತಿ ಮನೆಗೂ ನಾನು ಮೂರು ಹಾಳೆ ಬರೆಯುತ್ತೇನೆ. ಮೊದಲನೆಯದರಲ್ಲಿ ಕೋಣೆಗಳು. ಅದರ ಮೇಲೆ ಎಲ್ಲರೂ ಮುಗಿಬೀಳುತ್ತಾರೆ, ಯಾರ ಕೋಣೆ ದೊಡ್ಡದೆಂದು ಗೇಣು ಹಾಕಿ ನೋಡುತ್ತಾರೆ. ಎರಡನೆಯದು ಮನೆಯನ್ನು ಉದ್ದಕ್ಕೆ ಸೀಳಿದರೆ ಹೇಗೆ ಕಾಣುತ್ತದೆಂಬ ಚಿತ್ರ, ಎಲ್ಲಿ ಎಷ್ಟು ಎತ್ತರ, ಎಲ್ಲಿ ಎಷ್ಟು ಆಳ. ಅದನ್ನು ಗಂಡಸರು ಬಲ್ಲವರಂತೆ ಒಂದು ನಿಮಿಷ ನೋಡಿ ಮಡಚಿಡುತ್ತಾರೆ. ಮೂರನೇ ಹಾಳೆ ಪೈಪುಗಳದ್ದು. ಮನೆಯವರು ತೊಳೆದದ್ದು, ಉಗುಳಿದ್ದು, ಹೊರಹಾಕಿದ್ದು ಎಲ್ಲಿಂದ ಇಳಿದು ಎಲ್ಲಿ ಸೇರುತ್ತದೆಂದು ಅದರಲ್ಲಿರುತ್ತದೆ. ಆ ಹಾಳೆಯನ್ನು ಇವತ್ತಿನವರೆಗೆ ಯಾವ ಮನೆಯವರೂ ಬಿಚ್ಚಿ ನೋಡಿದ್ದನ್ನು ನಾನು ಕಂಡಿಲ್ಲ. ತಮ್ಮ ಹೊಲಸು ತಮ್ಮ ಕಣ್ಣಿಗೆ ಬೀಳದಿದ್ದರೆ ಸಾಕು, ಬೇರೆಯವರ ಮೂಗಿಗೆ ಬಿದ್ದರೆ ಬೀಳಲಿ.

ಈ ಮನೆಯಲ್ಲಿ ಇಬ್ಬರು ಅಣ್ಣತಮ್ಮಂದಿರು, ಅವರ ಹೆಂಡತಿಯರು, ದೊಡ್ಡವನ ಹಾಸ್ಟೆಲಿನಲ್ಲಿ ಓದುವ ಮಗಳು, ಮತ್ತು ಅತ್ತೆ. ಅತ್ತೆಯೆಂದರೆ ಅಣ್ಣತಮ್ಮಂದಿರ ಸೋದರತ್ತೆ, ಸತ್ತ ಅಪ್ಪನ ಅಕ್ಕ. ಹುಡುಗರು ಎಂಟು ಮತ್ತು ಐದು ವರ್ಷದವರಿದ್ದಾಗ ಅಪ್ಪ ಅಮ್ಮ ಒಂದೇ ಅಪಘಾತದಲ್ಲಿ ಹೋದರು. ಮದುವೆಯಾಗದ ಈ ಹೆಂಗಸು ಹೊಲಿಗೆ ಮೆಷಿನ್ ತುಳಿದು ಇಬ್ಬರನ್ನೂ ದಡ ಹತ್ತಿಸಿದರು. ಸೊಸೆಯರೂ ಅವರನ್ನು ಅತ್ತೆಯೆಂದೇ ಕರೆಯುತ್ತಿದ್ದರು. ನಾನು ಟೀಚರ್ ಎನ್ನುತ್ತಿದ್ದೆ, ಯಾಕೆಂದರೆ ನಮ್ಮ ಕಡೆಯ ಅರ್ಧ ದರ್ಜಿಗಳು ಅವರ ಹತ್ತಿರ ಕತ್ತರಿ ಹಿಡಿಯಲು ಕಲಿತವರು.

ಸೈಟು ರಸ್ತೆಯಿಂದ ಕೆಳಕ್ಕೆ ಇಳಿಯುವಂಥದ್ದು. ಮುಂದೆ ರಸ್ತೆ, ಹಿಂದೆ ತಗ್ಗು, ತಗ್ಗಿನಾಚೆ ಬರೀ ಮರಗಳ ತಲೆ ಮತ್ತು ಆಕಾಶ. ಬೀದಿಯವರೆಲ್ಲ ಕಸ ಎಸೆದೆಸೆದು ಎದೆಮಟ್ಟ ಕಳೆ ಬೆಳೆದಿತ್ತು. ಹರಿದ ಹಾಸಿಗೆ, ಒಡೆದ ಕಮೋಡು, ಮಕ್ಕಳ ಡೈಪರು, ಎಲ್ಲದರ ಮೇಲೂ ನೊಣ. ನೆಲ ಎಲ್ಲಿ ಮುಗಿಯಿತು, ಕಸ ಎಲ್ಲಿ ಶುರುವಾಯಿತು ಎಂದು ತಿಳಿಯುವಂತಿರಲಿಲ್ಲ.

ಇಳಿಜಾರು ಅಳೆಯಲು ನನ್ನದು ಹಳೇ ಪದ್ಧತಿ. ಬೆರಳು ದಪ್ಪದ, ಒಳಗೆ ಕಾಣುವಂಥ ಉದ್ದನೆಯ ಪೈಪಿನ ತುಂಬ ನೀರು. ಒಂದು ತುದಿಯನ್ನು ನಾನು ಮೇಲೆ ನೆಲದ ಮಟ್ಟಕ್ಕೆ ಹಿಡಿದು ಕೂರುತ್ತೇನೆ. ಇನ್ನೊಂದು ತುದಿಯನ್ನು ಕೆಳಗೆ ನಿಂತವರು ಅಳತೆಕೋಲಿನ ಪಕ್ಕ ಹಿಡಿದು, ನೀರು ನಿಲ್ಲುವವರೆಗೆ ಎತ್ತಬೇಕು. ನೀರು ಎರಡೂ ಕಡೆ ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಕೆಳಗಿನ ನೀರು ಕೋಲಿನಲ್ಲಿ ಎಷ್ಟು ತೋರಿಸುತ್ತದೋ ನೆಲ ಅಷ್ಟು ಇಳಿದಿದೆ ಎಂದರ್ಥ. ಇದ್ದದ್ದು ಒಂದೇ ನಿಯಮ. ನಡೆಯುವಾಗ ಚೆಲ್ಲದಂತೆ ತುದಿಗೆ ಹೆಬ್ಬೆರಳು ಒತ್ತಿರಬೇಕು, ಅಳೆಯುವಾಗ ತೆಗೆಯಬೇಕು. ತೆಗೆಯದಿದ್ದರೆ ನೀರು ಕೂಡ ಸುಳ್ಳು ಹೇಳುತ್ತದೆ.

ಆ ದಿನ ನನ್ನ ಮೇಸ್ತ್ರಿ ಬರಲಿಲ್ಲ. ಚಿಕ್ಕವನು ತಾನೇ ಹಿಡಿಯುತ್ತೇನೆಂದ. ಹೊಳೆಯುವ ಬೂಟು ಹಾಕಿಕೊಂಡು ಬಂದಿದ್ದ. ಪೈಪಿನೊಳಗೆ ತುಸು ಪಾಚಿ ಕಂಡು, ಸತ್ತ ಇಲಿಯ ಬಾಲ ಹಿಡಿಯುವವನಂತೆ ಕರವಸ್ತ್ರ ಸುತ್ತಿ ಹಿಡಿದ. ಸೈಟು ಉದ್ದವಾದ್ದರಿಂದ ಎರಡು ಹಂತದಲ್ಲಿ ಅಳೆದೆವು, ರಸ್ತೆಯಿಂದ ನಡುವಿಗೆ, ನಡುವಿನಿಂದ ಹಿಂದಿನ ಗಡಿಗೆ. ಎರಡು ಸಲವೂ ಕಳೆಯ ಮರೆಯಿಂದ “ಎರಡೂವರೆ” ಎಂದು ಕೂಗಿದ. ಒಟ್ಟು ಐದು ಅಡಿ. ನಾನು ಇಳಿದು ಹೋಗಿ ನೋಡಲಿಲ್ಲ. ಡೈಪರುಗಳ ನಡುವೆ ಕಾಲಿಡಲು ನನಗೂ ಮನಸ್ಸಾಗಲಿಲ್ಲ, ಅದನ್ನು ಮುಚ್ಚಿಡುವುದಿಲ್ಲ.

ಐದು ಅಡಿಗೆ ತಕ್ಕಂತೆ ಬರೆದೆ. ರಸ್ತೆಯ ಮಟ್ಟದಲ್ಲಿ ಇಡೀ ಮನೆ. ಹಿಂಭಾಗದ ಕೆಳಗೆ, ಮಣ್ಣು ನಾಲ್ಕು ಅಡಿ ತೋಡಿದರೆ, ಒಂದು ಕೋಣೆ ಹೆಚ್ಚಿಗೆ ಸಿಗುತ್ತಿತ್ತು. ಅರ್ಧ ಮಣ್ಣೊಳಗೆ, ಅರ್ಧ ಹೊರಗೆ. ಕಿಟಕಿಯೆಂದರೆ ಸೂರಿನ ಹತ್ತಿರ ಒಂದು ಸೀಳು. ಸ್ಟೋರ್ ಎಂದು ಬರೆದೆ. ಹಳೇ ಪಾತ್ರೆ, ಏಣಿ, ಮುರಿದ ಕುರ್ಚಿಗೆ ಅಷ್ಟು ಸಾಕು.

ಮೊದಲನೇ ಹಾಳೆಯನ್ನು ಅವರ ಊಟದ ಮೇಜಿನ ಮೇಲೆ ಹರಡಿದೆ. ನಾಲ್ವರೂ ಬಗ್ಗಿದರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವ ಹಾಗೆ ದೊಡ್ಡವನು ತನ್ನ ಕೋಣೆಯ ಗೋಡೆಯನ್ನು ಬಲಕ್ಕೆ ತಳ್ಳಿದ, ಚಿಕ್ಕವನು ಅದೇ ಗೋಡೆಯನ್ನು ಎಡಕ್ಕೆ ತಳ್ಳಿದ. ಆಮೇಲೆ ಶೌಚಾಲಯಗಳ ಮಾತು ಬಂತು. ಒಬ್ಬರದನ್ನು ಇನ್ನೊಬ್ಬರು ಬಳಸುವಂತಿಲ್ಲ. ಚಿಕ್ಕ ಸೊಸೆಗೆ ಭಾವನ ಕೂದಲು ಕಂಡರೆ ವಾಕರಿಕೆ, ದೊಡ್ಡ ಸೊಸೆಗೆ ಮೈದುನನ ಒದ್ದೆ ಕಾಲಿನ ಗುರುತು ಕಂಡರೆ ಮೈಯುರಿ. ಇಷ್ಟು ಹೇಸುವವರು ಒಂದೇ ಸೂರಿನಡಿ ಯಾಕೆ ಇರಬೇಕೆಂದು ಕೇಳಬೇಕೆನಿಸಿತು. ಕೇಳುವುದು ನನ್ನ ಕೆಲಸವಲ್ಲ.

“ಟೀಚರ್ ಎಲ್ಲಿರ್ತಾರೆ?” ಎಂದು ಮಾತ್ರ ಕೇಳಿದೆ.

ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಚಿಕ್ಕ ಸೊಸೆ ಸ್ಟೋರಿನ ಮೇಲೆ ಬೆರಳಿಟ್ಟಳು.

“ಅದು ಸ್ಟೋರು,” ಎಂದೆ.

“ಕಾಗದದಲ್ಲಿ ಸ್ಟೋರ್ ಅಂತಾನೇ ಇರಲಿ,” ಎಂದ ದೊಡ್ಡವನು. “ಕೆಳಗೆ ಅವರಿಗೂ ಗಲಾಟೆ ಇರಲ್ಲ. ತಣ್ಣಗಿರುತ್ತೆ.”

“ಬೆಳಕು ಬರಲ್ಲ ಅಲ್ಲಿ.”

“ಲೈಟ್ ಹಾಕಿಸ್ತೀವಲ್ಲ. ಮೆಷಿನ್ನೂ ಅಲ್ಲಿಗೇ ಹೋಗುತ್ತೆ. ದಿನವಿಡೀ ಕಟಕಟ, ತಲೆ ಚಿಟ್ಟು ಹಿಡಿದುಹೋಗಿದೆ.”

ಆಗಲೇ ದೊಡ್ಡ ಸೊಸೆ ಹೊರಗಿನ ಶೌಚಾಲಯದ ಮಾತು ಹೇಳಿದ್ದು. ಆ ಮಾತು ನನ್ನ ಗಂಟಲಲ್ಲಿ ಇಳಿಯುವ ಮೊದಲೇ ದೊಡ್ಡವನು, “ಎಲ್ಲಾ ಹೋಗಿ ಸೇರೋ ಗುಂಡಿ ಎಲ್ಲಿ ಬರುತ್ತೆ?” ಎಂದ. ಹಿಂದಿನ ಮೂಲೆಯನ್ನು ತೋರಿಸಿದೆ, ಮನೆಯಿಂದ ಆದಷ್ಟು ದೂರ.

“ಅಲ್ಲಿ ಬೇಡ. ಅಲ್ಲಿ ನಾವು ಹುಲ್ಲು ಹಾಸಿ, ಸಂಜೆ ಕುರ್ಚಿ ಹಾಕ್ಕೊಂಡು ಕೂರೋಣ ಅಂತ. ಇಲ್ಲಿ ಹಾಕಿ.” ತನ್ನ ಜೇಬಿನ ಪೆನ್ನು ತೆಗೆದು ನನ್ನ ಹಾಳೆಯ ಮೇಲೆ, ಸ್ಟೋರಿನ ಕಿಟಕಿಯ ನೇರಕ್ಕೆ, ಮೂರು ಹೆಜ್ಜೆ ದೂರದಲ್ಲಿ ಒಂದು ದುಂಡು ಗೆರೆ ಎಳೆದ.

“ವಾಸನೆ ಬಂದ್ರೆ?” ಎಂದೆ.

“ಅತ್ತೆಗೆ ವಾಸನೆ ಅಷ್ಟು ತಿಳಿಯಲ್ಲ,” ಎಂದರು ದೊಡ್ಡ ಸೊಸೆ. ಪ್ರೀತಿಯಿಂದ ಹೇಳಿದಂತೆಯೇ ಇತ್ತು.

ಹಾಳೆ ಸುತ್ತಿಕೊಂಡು ಎದ್ದೆ. ಹೊರಗೆ ಹೋಗುವ ದಾರಿಯ ಓಣಿಯಂಥ ಜಾಗದಲ್ಲಿ, ಚಪ್ಪಲಿ ಗೂಡಿಗೂ ವಾಷಿಂಗ್ ಮೆಷಿನ್ನಿಗೂ ನಡುವೆ, ಟೀಚರ್ ಹೊಲಿಗೆ ಮೆಷಿನ್ ಇಟ್ಟುಕೊಂಡು ಕೂತಿದ್ದರು. ಪಕ್ಕದಲ್ಲೇ ಮಡಚಿದ ಹಾಸಿಗೆ. ಕಿಟಕಿಯಿಲ್ಲ, ಹಗಲಲ್ಲೂ ಟ್ಯೂಬ್‌ಲೈಟು. ಸೂಜಿಗೆ ದಾರ ಪೋಣಿಸುತ್ತಿದ್ದರು. ಒಂದು ಸಲ ತಪ್ಪಿತು, ಇನ್ನೊಂದು ಸಲ ತಪ್ಪಿತು. ದಾರದ ತುದಿಯನ್ನು ನಾಲಿಗೆಗೆ ತಾಗಿಸಿ ಮೂರನೇ ಸಲ ನೋಡಿ, ನನ್ನನ್ನು ಕಂಡು ಕೈ ಕೆಳಗಿಳಿಸಿದರು.

“ಈ ಲೈಟಿಗೆ ದಾರ ಕಾಣುತ್ತೆ, ಸೂಜಿ ಕಣ್ಣು ಕಾಣಲ್ಲ,” ಎಂದು ನಕ್ಕರು. “ಹೊಸ ಮನೇಲಿ ನನಗೆ ಕಿಟಕಿ ಕೊಟ್ಟಿದೀರಾ, ಪ್ಲಾನಿನವರೇ?”

ಊಟದ ಮೇಜಿನ ಮಾತೆಲ್ಲ ಅಲ್ಲಿಗೆ ಕೇಳಿಸುತ್ತಿತ್ತು, ಅಡ್ಡ ಇದ್ದದ್ದು ಒಂದು ಪರದೆ ಮಾತ್ರ. ಆದರೂ ಕೇಳಿದರು. ನಾನು ಏನೋ ಗೊಣಗಿ ಚಪ್ಪಲಿ ಮೆಟ್ಟಿಕೊಂಡು ಬಂದೆ. ಆ ದಿನವೆಲ್ಲ ಬಾಯಿ ಕಹಿಯಾಗಿತ್ತು. ಅವರ ಬಗ್ಗೆ ಎಷ್ಟು, ನನ್ನ ಬಗ್ಗೆ ಎಷ್ಟು ಎಂದು ಪಾಲು ಮಾಡಲು ಹೋಗಲಿಲ್ಲ.

ನಾಲ್ಕು ದಿನದ ಮೇಲೆ ಟೀಚರ್ ನನ್ನ ಆಫೀಸಿಗೆ ಮೆಟ್ಟಿಲು ಹತ್ತಿ ಬಂದರು. ಏದುಸಿರು ಬಿಡುತ್ತಾ ಕೂತು, ಚೀಲದಿಂದ, ನಾನು ಮನೆಗೆ ಕಳಿಸಿದ್ದ ಮೊದಲನೇ ಹಾಳೆಯ ಜೆರಾಕ್ಸ್ ಪ್ರತಿ ತೆಗೆದು, ಬಟ್ಟೆ ಕತ್ತರಿಸುವ ಮೊದಲು ಮಾಡುವಂತೆ ಅಂಗೈಯಿಂದ ಒರೆಸಿ ಹಾಸಿದರು.

“ಇದು ಹಿತ್ತಲಿಗೆ ಇಳಿಯೋ ಮೆಟ್ಟಿಲು ತಾನೆ? ಒಂಬತ್ತು ಬರೆದಿದೀರಿ.”

“ಹೌದು ಟೀಚರ್. ಐದು ಅಡಿ ಇಳಿಯೋಕೆ ಒಂಬತ್ತು ಸಾಕು.”

“ನಿನ್ನೆ ಸೈಟಿಗೆ ಹೋಗಿ ಇಳಿದು ಹತ್ತಿ ಬಂದೆ. ನಮ್ಮ ಈಗಿನ ಮನೇಲಿ ತಾರಸಿಗೆ ಹದಿನಾಲ್ಕು ಮೆಟ್ಟಿಲು. ದಿನಾ ಬಟ್ಟೆ ಒಣಹಾಕೋಕೆ ಹತ್ತೋಳು ನಾನು. ಎಷ್ಟು ಹತ್ತಿದ್ರೆ ನನ್ನ ಮೊಣಕಾಲು ಎಷ್ಟು ಬೈಯುತ್ತೆ ಅಂತ ನನಗೆ ಗೊತ್ತಿಲ್ವಾ? ನಿನ್ನೆ ಹದಿನಾಲ್ಕರಷ್ಟು ಬೈತು.”

ನನಗೆ ಸಿಟ್ಟು ಬಂತು. ಮೂವತ್ತು ವರ್ಷದ ಅನುಭವದ ಮುಂದೆ ಮೊಣಕಾಲಿನ ಸಾಕ್ಷಿ. “ಅಳತೆ ಮಾಡಿದೀವಿ ಟೀಚರ್,” ಎಂದೆ, ಸ್ವಲ್ಪ ಬಿರುಸಾಗಿಯೇ.

“ಮಾಡಿರ್ತೀರಿ. ಮೇಜಿನ ಮೇಲೆ ಹಾಸಿದ ಬಟ್ಟೆ ಯಾವಾಗ್ಲೂ ಸರಿಯಾಗೇ ಇರುತ್ತೆ. ಮೈಮೇಲೆ ಹಾಕಿದಾಗ ತಾನೆ ಎಲ್ಲಿ ಎಳೀತಿದೆ ಅಂತ ಗೊತ್ತಾಗೋದು.”

ಪೈಪು ಹೆಗಲಿಗೆ ಹಾಕಿಕೊಂಡು ಅವರ ಹಿಂದೆ ಹೊರಟೆ. ಸೈಟಿಗೆ ಹೋಗಿ ನೋಡಿದರೆ ಕಸದ ನಡುವೆ ಮೇಲಿನಿಂದ ಕೆಳಗಿನವರೆಗೆ ಒಂದು ಕಾಲುದಾರಿ. ಹಿಂದಿನ ದಿನ ಅವರೇ ಕತ್ತಿ ಹಿಡಿದು ಕಳೆ ಸವರಿದ್ದರು, ಡೈಪರುಗಳನ್ನು ಕೋಲಿನಿಂದ ಒಂದು ಕಡೆ ತಳ್ಳಿದ್ದರು. ನಲವತ್ತು ವರ್ಷದ ಇಬ್ಬರು ಗಂಡಸರಿಗೆ, ಅರವತ್ತು ದಾಟಿದ ನನಗೆ ಆಗದ ಕೆಲಸ, ಎಪ್ಪತ್ತೆರಡರ ಮೊಣಕಾಲಿಗೆ ಆಗಿತ್ತು.

ಟೀಚರ್ ಕೆಳಗೆ ಕೋಲಿನ ಪಕ್ಕ ನಿಂತು ಪೈಪಿನ ತುದಿಯನ್ನು ಸೊಂಟದ ಮಟ್ಟಕ್ಕೆ ಹಿಡಿದರು. ಹೆಬ್ಬೆರಳು ತೆಗೆಯಲು ಹೇಳಿದೆ. ತೆಗೆದ ಕೂಡಲೆ ನೀರು ಅವರ ಕೈಮೇಲೆ, ಹೊಟ್ಟೆಯ ಮೇಲೆ ಚೆಲ್ಲಿತು.

“ಇದು ನಿಲ್ತಾನೇ ಇಲ್ಲ.”

“ಮೇಲಕ್ಕೆ ಎತ್ತಿ ಟೀಚರ್. ನಿಲ್ಲೋವರೆಗೂ ಎತ್ತಿ.”

ಎತ್ತಿದರು. ಎದೆಯವರೆಗೆ ಎತ್ತಿದರೂ ಚೆಲ್ಲುತ್ತಿತ್ತು. ತೋಳು ಪೂರ್ತಿ ನೆನೆದು, ಪಾಚಿಯ ಎಳೆಯೊಂದು ಮಣಿಕಟ್ಟಿಗೆ ಅಂಟಿ, ಗಲ್ಲದ ಹತ್ತಿರ ಬಂದಾಗ ನೀರು ನಿಂತಿತು. ಈ ಸಲ ನಾನೇ ಇಳಿದು ಹೋಗಿ ನೋಡಿದೆ. ನಾಲ್ಕು ಅಡಿ ಮೂರು ಇಂಚು. ನಡುವಿನಿಂದ ಗಡಿಗೆ ಇನ್ನೊಮ್ಮೆ ಅಳೆದೆವು. ಮತ್ತೆ ಅಷ್ಟೇ. ಒಟ್ಟು ಎಂಟೂವರೆ ಅಡಿ. ಹದಿನಾಲ್ಕು ಮೆಟ್ಟಿಲು.

ಚಿಕ್ಕವನು ಮಾಡಿದ್ದು ಆಗ ತಿಳಿಯಿತು. ಬೂಟಿನ ಮೇಲೆ ನೀರು ಬೀಳಬಾರದೆಂದು ಪೈಪನ್ನು ತೊಡೆಯ ಹತ್ತಿರವೇ ಹಿಡಿದು, ಹೆಬ್ಬೆರಳು ಒತ್ತಿದವನು ಒತ್ತಿಯೇ ಇದ್ದ. ಅವನ ತೊಡೆಯ ಎತ್ತರವನ್ನು ನಾನು ಭೂಮಿಯ ಇಳಿಜಾರೆಂದು ಬರೆದುಕೊಂಡಿದ್ದೆ. ಥೂ ಎಂದು ಉಗಿದೆ, ಯಾರಿಗೆಂದು ಟೀಚರ್ ಕೇಳಲಿಲ್ಲ.

ಆದರೆ ಮರುಕ್ಷಣವೇ ನನ್ನೊಳಗಿನ ಪ್ಲಾನಿನವನು ಎದ್ದು ಕೂತ. ಎಂಟೂವರೆ ಅಡಿ ಇಳಿತವೆಂದರೆ ಕೆಳಗಿನ ಕೋಣೆಗೆ ಮಣ್ಣು ತೋಡುವುದೇ ಬೇಡ. ಹಿಂದಿನ ಗೋಡೆ ಪೂರ್ತಿ ಬಯಲಿಗೆ ಬರುತ್ತದೆ. ನೆಲಕ್ಕೆ ಸರಿಯಾಗಿ ಬಾಗಿಲು, ಅದರ ಪಕ್ಕದಲ್ಲಿ ಗೋಡೆಯಗಲ ಕಿಟಕಿ, ಎದುರಿಗೆ ಮರಗಳ ತಲೆ, ತಗ್ಗಿನಿಂದ ಏರಿ ಬರುವ ಗಾಳಿ.

“ಟೀಚರ್, ನಿಮ್ಮದೇ ಮನೇಲಿ ಎಲ್ಲಕ್ಕಿಂತ ಒಳ್ಳೇ ಕೋಣೆ,” ಎಂದೆ. “ಮಧ್ಯಾಹ್ನದವರೆಗೆ ಸೂಜಿ ಕಣ್ಣಲ್ಲಿ ಸೂರ್ಯ ಕಾಣ್ತಾನೆ.”

ಅವರು ಹಿಗ್ಗಲಿಲ್ಲ. ಒದ್ದೆ ತೋಳನ್ನು ಹಿಂಡಿಕೊಳ್ಳುತ್ತಿದ್ದವರು ಹಾಗೇ ನಿಂತುಬಿಟ್ಟರು.

“ಇದನ್ನ ಅವರಿಗೆ ಹೇಳ್ತೀರಾ?”

“ಹೇಳದೆ?”

“ಈಗಿನ ಮನೇಲಿ ನಾನು ಎರಡು ಕಿಟಕಿ ಬಿಟ್ಟುಕೊಟ್ಟಿದೀನಿ,” ಎಂದರು. “ದೊಡ್ಡವನ ಮದುವೆ ಆದಾಗ ಮುಂದಿನ ಕೋಣೆದು. ಹೊಸ ಜೋಡಿ, ಗಾಳಿ ಬೇಕು ಅಂತ ನಾನೇ ಕೊಟ್ಟೆ. ಮೊಮ್ಮಗಳಿಗೆ ಓದೋಕೆ ಬೇಕು ಅಂತ ಪಕ್ಕದ ಕೋಣೆದು ಕೇಳಿದ್ರು. ಅದನ್ನೂ ಕೊಟ್ಟೆ. ಚಿಕ್ಕವನ ಮದುವೆ ಆದಮೇಲೆ ಹಾಲಿಂದ ಓಣಿಗೆ ಬಂದೆ. ಅವಾಗ ಯಾರೂ ಕೇಳ್ಲೂ ಇಲ್ಲ. ಒಂದಿನ ಸಂಜೆ ಬಂದು ನೋಡಿದ್ರೆ ನನ್ನ ಮೆಷಿನ್ನು ಚಪ್ಪಲಿ ಗೂಡಿನ ಪಕ್ಕ ಇತ್ತು. ಈಗ ಇದು ಒಳ್ಳೇದು ಅಂತ ಅವರಿಗೆ ಗೊತ್ತಾದ್ರೆ, ಬೆಳಗಾಗೋದ್ರಲ್ಲಿ ಇದೂ ಅವರದ್ದೇ.”

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎನ್ನುವವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಆದರೆ ಅಂಬಿಗನನ್ನು ಚಪ್ಪಲಿಯ ಜೊತೆ ಇಟ್ಟವರನ್ನು ಕಂಡಿರಲಿಲ್ಲ. ಮೈ ಪರಚಿಕೊಳ್ಳುವಂತಾಯಿತು.

“ಆಯ್ತು. ಕೇಳಿದ್ರೆ ಸುಳ್ಳು ಹೇಳಲ್ಲ. ಅಳತೆ ತಪ್ಪಿತ್ತು ಅಂತಷ್ಟೇ ಹೇಳ್ತೀನಿ, ಕೋಣೆ ಒಳ್ಳೇದು ಅಂತ ಕೇಳದೆ ಹೇಳಲ್ಲ,” ಎಂದೆ. “ಆ ಗುಂಡೀನಂತೂ ಅಲ್ಲಿಂದ ತೆಗೀತೀನಿ.”

“ತೆಗೀಬೇಡಿ.” ಟೀಚರ್ ಹಾಳೆ ಬಿಚ್ಚಿ ದೊಡ್ಡವನು ಪೆನ್ನಿನಿಂದ ಎಳೆದ ದುಂಡು ಗೆರೆಯ ಮೇಲೆ ಒದ್ದೆ ಬೆರಳಿಟ್ಟರು. “ಇದು ಇಲ್ಲೇ ಇರಲಿ. ಎಲ್ಲರೂ ನೋಡಿದಾರೆ ಇದನ್ನ. ಇದು ಇದ್ರೆ ಯಾರೂ ಈ ಕಡೆ ಬರಲ್ಲ. ಅದರೊಳಗೆ ಏನು ಬೀಳುತ್ತೆ ಅನ್ನೋದು ನಿಮ್ಮ ಕೈಲಿ ತಾನೆ ಇರೋದು?”

ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎನ್ನುತ್ತಾರಲ್ಲ, ಹಾಗೆ. ಬಟ್ಟೆ ಕತ್ತರಿಸುವವರ ಬುದ್ಧಿ, ಎಲ್ಲಿ ಕತ್ತರಿ ಹಾಕಬಾರದೆಂದು ಅವರಿಗೆ ಮೊದಲು ಗೊತ್ತಿರುತ್ತದೆ.

ಮನೆಗೆ ಬಂದು ಮೂರೂ ಹಾಳೆಗಳನ್ನು ಹೊಸದಾಗಿ ಬರೆದೆ. ಮೊದಲನೆಯದರಲ್ಲಿ ಕಿಟಕಿಯ ಮುಂದಿನ ವೃತ್ತ ಇದ್ದಲ್ಲೇ ಇತ್ತು, ಅದರ ನಡುವೆ ‘ಗುಂಡಿ’. ಎರಡನೆಯದರಲ್ಲಿ ಹೊಸ ಎತ್ತರಗಳು. ಮೂರನೆಯದರಲ್ಲಿ ಎಲ್ಲವನ್ನೂ ಸ್ಪಷ್ಟವಾಗಿ ಬರೆದೆ. ತಾರಸಿಯ ಮಳೆನೀರು ಮಾತ್ರ ಒಂದು ಪೈಪಿನಲ್ಲಿ ಇಳಿದು, ಮರಳಿನ ತೊಟ್ಟಿಯಲ್ಲಿ ಸೋಸಿ, ಕಿಟಕಿಯ ಮುಂದಿನ ಗುಂಡಿಗೆ. ಶೌಚಾಲಯಗಳ ಪೈಪೆಲ್ಲ ಒಟ್ಟಾಗಿ ಹಿಂದಿನ ಮೂಲೆಯ ಮುಚ್ಚಿದ ತೊಟ್ಟಿಗೆ, ಅದರ ಮೇಲೆ ಒಂದಡಿ ಮಣ್ಣು, ಮಣ್ಣಿನ ಮೇಲೆ ಹುಲ್ಲು. ಕೆಳಗಿನ ಕೋಣೆಯ ಒಳಗೇ ಏಳನೆಯ ಶೌಚಾಲಯ. ಕಡ್ಡಿ ಮುರಿದಂತೆ ಹೇಳಿದರೆ ಅವರಿಗೆ ಬೇಕಾದ್ದನ್ನೇ ಕೊಟ್ಟಿದ್ದೆ. ಹುಲ್ಲಿನ ಮೇಲೆ ಕೂರಬೇಕೆಂದಿದ್ದರು, ಹುಲ್ಲು ಇತ್ತು.

ದೊಡ್ಡವನ ಆಫೀಸಿಗೆ ಹಾಳೆಗಳನ್ನು ಒಯ್ದು ಮುಂದಿಟ್ಟೆ.

“ಮೊದಲು ಮಾಡಿದ ಅಳತೆ ತಪ್ಪಾಗಿತ್ತು ಸಾರ್. ನೆಲ ಇನ್ನೂ ಮೂರೂವರೆ ಅಡಿ ಜಾಸ್ತಿ ಇಳಿದಿದೆ. ಕೆಳಗಿಂದು ಸ್ವಲ್ಪ ಬದಲಾಗಿದೆ, ಪೈಪಿಂದೂ ಬದಲಾಗಿದೆ. ಎರಡನೇದು, ಮೂರನೇದು ನೋಡಿಬಿಡಿ.”

“ಮೇಲೆ ನಮ್ಮ ಕೋಣೆಗಳು ಹಾಗೇ ಇವೆ ತಾನೆ?”

“ಹಾಗೇ ಇವೆ.”

“ಸಾಕು ಬಿಡಿ. ಪೈಪಿಂದೆಲ್ಲ ನಾನೇನು ನೋಡಲಿ, ಈಗಷ್ಟೇ ತಿಂದು ಬಂದಿದೀನಿ.” ಮೂರು ಹಾಳೆಗೂ ಸಹಿ ಹಾಕಿದ. ಮೂರನೆಯದಕ್ಕೆ ಸಹಿ ಹಾಕುವಾಗ ಅದನ್ನು ಪೂರ್ತಿ ಬಿಚ್ಚಲೂ ಇಲ್ಲ, ಮೂಲೆ ಮಡಚಿ ಗೀಚಿದ. ಆ ಸಹಿಯನ್ನು ನೋಡಿದರೆ ಈಗಲೂ ನನಗೆ ಒಂದು ಕೆಟ್ಟ ಸಂತೋಷವಾಗುತ್ತದೆ.

ಮನೆ ಎದ್ದಿತು. ಮನೆಯವರು ರಸ್ತೆಯಿಂದಲೇ ನೋಡಿ ಹೋಗುತ್ತಿದ್ದರು, ಕೆಳಗೆ ಕೆಸರು. ಬಣ್ಣ ಒಣಗುವವರೆಗೆ ಕೆಳಗಿನ ಕೋಣೆಯಲ್ಲಿ ಸಿಮೆಂಟು ಚೀಲ, ಹಲಗೆಗಳನ್ನು ಪೇರಿಸಿಟ್ಟಿದ್ದೆವು. ಅಷ್ಟು ದಿನ ಅದು ನಿಜಕ್ಕೂ ಸ್ಟೋರೇ ಆಗಿತ್ತು.

ಎಲ್ಲರೂ ಬಂದು ನೆಲೆಸಿದ ವಾರದಲ್ಲಿ ಬಾಗಿಲೊಂದು ಕಚ್ಚುತ್ತಿದೆಯೆಂದು ಕರೆದರು. ಹೋದೆ. ಕೆಲಸ ಮುಗಿಸಿ ಕೆಳಗಿಳಿದರೆ ಟೀಚರ್ ಕಿಟಕಿಯ ಪಕ್ಕ ಮೆಷಿನ್ ಹಾಕಿಕೊಂಡು ನೀಲಿ ಅಂಗಿಯೊಂದಕ್ಕೆ ಕಾಲರ್ ಕೂರಿಸುತ್ತಿದ್ದರು. ಬೆಳಕು ಮಡಿಲ ತುಂಬ ಬಿದ್ದಿತ್ತು. ನಾನು ಇನ್ನೂ ಬಾಯಿ ತೆರೆದಿರಲಿಲ್ಲ, ನನ್ನ ಹಿಂದೆಯೇ ಮೆಟ್ಟಿಲಲ್ಲಿ ಚಪ್ಪಲಿಯ ಸದ್ದು. ದೊಡ್ಡ ಸೊಸೆ. ಹೊಸ ಮನೆಗೆ ಬಂದ ಮೇಲೆ ಅವರು ಕೆಳಗಿಳಿದದ್ದು ಅದೇ ಮೊದಲು.

ಬಾಗಿಲಲ್ಲೇ ನಿಂತರು. ಕಿಟಕಿ ನೋಡಿದರು, ಮರಗಳ ತಲೆ ನೋಡಿದರು, ಗಾಳಿಗೆ ಹಾರಿದ ಕೂದಲನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡರು.

“ಇದೇನಿದು, ಇಷ್ಟು ಬೆಳಕಿದೆ ಇಲ್ಲಿ?” ಎಂದರು. ಕೋಣೆಯ ಅಗಲವನ್ನು ಕಣ್ಣಲ್ಲೇ ಅಳೆದರು. “ನಮ್ಮ ಮಂಚ ಇಲ್ಲಿ ಹಿಡಿಸುತ್ತಲ್ಲ. ಮೇಲೆ ರಸ್ತೆ ಸದ್ದಿಗೆ ನಿದ್ದೆನೇ ಬರಲ್ಲ. ಅತ್ತೆ, ನಿಮಗೆ ಈ ವಯಸ್ಸಲ್ಲಿ ದಿನಾ ಇಷ್ಟು ಮೆಟ್ಟಿಲು ಹತ್ತಿ ಇಳಿಯೋದು ಕಷ್ಟ ಅಲ್ವಾ? ಮೇಲೆ ಅಡುಗೆಮನೆ ಪಕ್ಕ ಸಾಮಾನಿಡೋ ಕೋಣೆ ಇದೆ...”

ಟೀಚರ್ ತಲೆ ಎತ್ತಲಿಲ್ಲ. ಆದರೆ ಮೆಷಿನ್ ತುಳಿಯುತ್ತಿದ್ದ ಕಾಲು ನಿಂತಿತು.

ದೊಡ್ಡ ಸೊಸೆ ಕಿಟಕಿಯ ಹತ್ತಿರ ಹೋಗಿ ಸರಳು ಹಿಡಿದು ಹೊರಗೆ ಇಣುಕಿದರು. ಎದುರಿಗೆ, ಮೂರು ಹೆಜ್ಜೆ ದೂರದಲ್ಲಿ, ಗುಂಡಿಯ ದುಂಡನೆಯ ಸಿಮೆಂಟು ಮುಚ್ಚಳ.

ಸರಳು ಹಿಡಿದ ಕೈ ಥಟ್ಟನೆ ಹಿಂದಕ್ಕೆ ಬಂತು. ಕರವಸ್ತ್ರ ಮೂಗಿಗೆ ಹೋಯಿತು.

“ಥೂ. ಏನು ನಾತ ಇದು.”

ಗಂಡನನ್ನು ಕೂಗಿದರು. ದೊಡ್ಡವನು ಅರ್ಧದಷ್ಟು ಮೆಟ್ಟಿಲು ಇಳಿದು ಅಲ್ಲಿಂದಲೇ ಮೂಗು ಎಳೆದ, ಮುಖ ಹಿಂಡಿದ. “ಬರದೆ ಏನು, ಮನೆದೆಲ್ಲ ಅಲ್ಲಿಗೇ ಬೀಳೋದು. ಮೇಲೆ ಬಾ, ತಲೆನೋವು ಬರುತ್ತೆ.”

“ಹೇಗಿರ್ತೀರೋ ಅತ್ತೆ ನೀವು ಇಲ್ಲಿ,” ಎಂದರು ದೊಡ್ಡ ಸೊಸೆ ಕರವಸ್ತ್ರದೊಳಗಿನಿಂದ.

“ಅಭ್ಯಾಸ ಆಗುತ್ತಮ್ಮ,” ಎಂದರು ಟೀಚರ್.

ಅವರು ಹೋದ ಮೇಲೆ ಮೆಷಿನ್ ಮತ್ತೆ ಕಟಕಟ ಎಂದಿತು. ಆ ಗುಂಡಿ ಕಟ್ಟಿ ಮುಗಿದ ಮೇಲೆ ಒಂದು ಹನಿ ಮಳೆ ಬಂದಿರಲಿಲ್ಲ. ಒಳಗೆ ಇದ್ದದ್ದು ಹೊಸ ಸಿಮೆಂಟು ಮತ್ತು ಕತ್ತಲೆ. ಗಂಡ ಹೆಂಡತಿ ಇಬ್ಬರಿಗೂ ಅದು ನಾರಿತು. ಸಂಜೆ ನಾನು ಹೊರಡುವಾಗ ನಾಲ್ವರೂ ಹಿಂದಿನ ಮೂಲೆಯ ಹುಲ್ಲಿನ ಮೇಲೆ ಕುರ್ಚಿ ಹಾಕಿಕೊಂಡು ಕೂತಿದ್ದರು, ಏಳೂ ಶೌಚಾಲಯಗಳ ಹೊಲಸಿನ ಒಂದಡಿ ಮೇಲೆ. ಚಿಕ್ಕವನು ಬೂಟು ಬಿಚ್ಚಿ ಬರಿಗಾಲು ಚಾಚಿ, “ಎಂಥ ಒಳ್ಳೇ ಗಾಳಿ ಅಲ್ವಾ,” ಎಂದು ಎದೆ ತುಂಬ ಉಸಿರೆಳೆದುಕೊಂಡ. ನನಗೆ ನಗು ಬರಬೇಕಿತ್ತು. ಬರಲಿಲ್ಲ, ಹೇಸಿಗೆಯೇ ಬಂತು. ಗುಂಡಿ ನಾರದಿದ್ದರೂ, ಆ ನಾತವನ್ನು ಅವರು ಅತ್ತೆಯ ಮೂಗಿಗೆಂದೇ ಮೀಸಲಿಟ್ಟದ್ದಲ್ಲವೆ.

ಎರಡು ತಿಂಗಳಲ್ಲಿ ಮಳೆ ಬಂದು ಹೋಯಿತು. ನನ್ನ ಷರಟಿನ ತೋಳು ಹರಿದಿತ್ತು, ಹೊಲಿಸುವ ನೆಪದಲ್ಲಿ ಹೋದೆ. ಹೊರಗಿನ ಹದಿನಾಲ್ಕು ಮೆಟ್ಟಿಲು ಇಳಿದೆ. ಕೋಣೆ ಚೊಕ್ಕಟವಾಗಿತ್ತು, ಗೋಡೆಗೆ ಕಾಗದದ ಅಚ್ಚುಗಳು, ಕಿಟಕಿಗೆ ಪರದೆಯೇ ಇಲ್ಲ. ಯಾರಾದರೂ ಬರುತ್ತಾರಾ ಎಂದು ಕೇಳಿದೆ.

“ಯಾರೂ ಬರಲ್ಲ. ಹುಲ್ಲಿಗೆ ಹೋಗೋರೂ ಮೂಗು ಮುಚ್ಕೊಂಡು ದಾಟ್ತಾರೆ. ಊಟ ಮೇಲಿನ ಮೆಟ್ಟಿಲ ಮೇಲಿಟ್ಟು ಕೂಗ್ತಾರೆ,” ಎಂದರು. “ಮೂಗು ಅವರದ್ದು, ಕಿಟಕಿ ನನ್ನದು.” ಹೇಳಿ ನಕ್ಕರು, ಆದರೆ ನಗು ಬೇಗ ಮುಗಿಯಿತು.

ಬಿಸಿಲಲ್ಲಿ ನಡೆದು ಬಂದಿದ್ದೆ, ಬೆವರುತ್ತಿದ್ದೆ. ಟೀಚರ್ ಹೊರಗೆ ಹೋಗಿ ಮುಚ್ಚಳದ ನಡುವಿನ ಚಿಕ್ಕ ಬಾಗಿಲು ತೆಗೆದು, ಹಗ್ಗ ಕಟ್ಟಿದ ಪುಟ್ಟ ಬಕೆಟ್ ಇಳಿಬಿಟ್ಟು ನೀರು ಸೇದಿದರು. ಸ್ಟೀಲ್ ಲೋಟಕ್ಕೆ ಸುರಿದು ತಂದರು. ತಳ ಕಾಣುವಷ್ಟು ತಿಳಿಯಾದ ನೀರು.

“ಕುಡೀರಿ. ನಾನು ಇದನ್ನೇ ಕುಡಿಯೋದು.”

ತಾರಸಿಯ ಮೂಲೆಯಿಂದ ಪೈಪು, ಪೈಪಿನಿಂದ ಮರಳು, ಮರಳಿನಿಂದ ಗುಂಡಿ. ಆ ನೀರಿನ ದಾರಿಯ ಒಂದೊಂದು ಇಂಚನ್ನೂ ನಾನೇ ಬರೆದವನು. ಅದರಲ್ಲಿ ಬೇರೆ ಒಂದು ತೊಟ್ಟೂ ಸೇರಲಾರದೆಂದು ಲೋಕದಲ್ಲಿ ಯಾರಿಗಾದರೂ ಖಾತ್ರಿಯಿದ್ದರೆ ಅದು ನನಗೆ. ಆದರೂ ಚಾಚಿದ ಕೈ ಲೋಟದ ಹತ್ತಿರ ಹೋಗಿ ನಿಂತಿತು. ಮೂಗು ತಾನಾಗಿಯೇ ಮುದುಡಿತು.

ಒಂದು ಕ್ಷಣವಷ್ಟೇ. ಟೀಚರ್ ನೋಡಿಬಿಟ್ಟರು.

“ನೀವೂನಾ, ಪ್ಲಾನಿನವರೇ?”

ಲೋಟಕ್ಕೆ ಕೈ ಹಾಕಿದೆ, ಕೊಡಲಿಲ್ಲ. ತಾವೇ ಅಷ್ಟನ್ನೂ ಕುಡಿದು ಲೋಟವನ್ನು ಕಿಟಕಿಯ ಕಟ್ಟೆಯ ಮೇಲೆ ಕವುಚಿಟ್ಟರು. ಆಮೇಲೆ ಮೆಷಿನ್ ಮುಂದೆ ಕೂತು, ನನ್ನ ಷರಟಿನ ತೋಳನ್ನು ತಿರುವಿಹಾಕಿ, ಒಂದೇ ಸಲಕ್ಕೆ ಸೂಜಿಗೆ ದಾರ ಪೋಣಿಸಿದರು.